ಮ್ಯಾಚ್ ಹೊರ ಊರಲ್ಲಿ, ಟೀವಿಯಲ್ಲಿ ಇಲ್ಲ: ಕಾಲೇಜು ಬ್ಯಾಸ್ಕೆಟ್‌ಬಾಲನ್ನು ಆನ್‌ಲೈನ್‌ನಲ್ಲಿ ಹುಡುಕಿ ನೋಡುವವರಿಗೆ

ಆರ್.ಟಿ. ನಗರದಲ್ಲಿ ನಮ್ಮ ಕೆಳಗಿನ ಮನೆಯ ಆಂಟಿ ಒಂದು ಮಧ್ಯಾಹ್ನ ಫೋನ್ ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದ್ರು. ಅವರ ಮಗಳು ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಪಾಯಿಂಟ್ ಗಾರ್ಡ್. ತಂಡ ದಕ್ಷಿಣ ವಲಯದ ಟೂರ್ನಿಗೆ ತಮಿಳುನಾಡಿಗೆ ಹೋಗಿತ್ತು. ಕಾಲು ಉಳುಕಿ ಗ್ಯಾಲರಿಯಲ್ಲಿ ಕೂತಿದ್ದ ತಂಡದ ಇನ್ನೊಬ್ಬ ಹುಡುಗಿ ಗೂಗಲ್ ಮೀಟ್ ಹಚ್ಚಿ ನಾಲ್ಕೈದು ಮನೆಯವರಿಗೆ ಮ್ಯಾಚ್ ತೋರಿಸ್ತಾ ಇದ್ದಳು. ಮೂರನೇ ಕ್ವಾರ್ಟರ್ ನಡೀತಿರುವಾಗ ಕಾಲ್ ಕಟ್ಟಾಯ್ತು.

"ನೋಡಪ್ಪಾ, ನೆಟ್ ಹೋಯ್ತೋ ಏನಾಯ್ತೋ. ಟೀವೀಲಿ ಹಾಕಲ್ವಾ ಇದನ್ನೆಲ್ಲ?"

ನೆಟ್ ಹೋಗಿರಲಿಲ್ಲ. ಮೀಟ್‌ನ ಉಚಿತ ಖಾತೆಯಲ್ಲಿ ಮೂರು ಅಥವಾ ಹೆಚ್ಚು ಜನ ಸೇರಿದರೆ 60 ನಿಮಿಷಕ್ಕೆ ಕರೆ ಮುಗಿಯುತ್ತೆ. ಬ್ಯಾಸ್ಕೆಟ್‌ಬಾಲ್ ಲೆಕ್ಕಕ್ಕೆ ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 40 ನಿಮಿಷದ ಆಟ. ಆದರೆ ಫೌಲ್, ಫ್ರೀ ಥ್ರೋ, ಟೈಮ್‌ಔಟ್, ಹಾಫ್‌ಟೈಮ್ ಎಲ್ಲ ಸೇರಿ ಒಂದೂವರೆ ಗಂಟೆ ಹಿಡಿಯುತ್ತೆ. ಹಾಗಾಗಿ ಮೀಟ್ ಹಚ್ಚಿದವರೆಲ್ಲರಿಗೂ ಆಟ ಕೈಕೊಡುವುದು ಬಿಸಿ ಏರುವ ಹೊತ್ತಿಗೇ.

ಬೇಜಾರಿನ ವಿಷಯ ರಾತ್ರಿ ಗೊತ್ತಾಯ್ತು. ಆತಿಥೇಯ ವಿವಿ ಬೆಳಗ್ಗೆಯಿಂದ ತನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಎಲ್ಲ ಮ್ಯಾಚ್‌ಗಳನ್ನೂ ನೇರಪ್ರಸಾರ ಮಾಡಿತ್ತು. ಲಿಂಕ್ ನಮ್ಮ ಕಡೆಯ ಯಾರ ಬಳಿಯೂ ಇರಲಿಲ್ಲ, ಅಷ್ಟೇ. ಎಂಟು ಗಂಟೆ ಉದ್ದದ ಒಂದೇ ವಿಡಿಯೋ, ಹೆಸರು 'ಡೇ 2'. ಆಂಟಿ ಮಗಳ ಮ್ಯಾಚ್ ಶುರುವಾಗೋದು ಮೂರು ಗಂಟೆ ನಲವತ್ತನೇ ನಿಮಿಷಕ್ಕೆ. ಹಾಫ್‌ಟೈಮ್‌ನಲ್ಲಿ ಸ್ಪೀಕರಲ್ಲಿ ಸಿನಿಮಾ ಹಾಡು ಹಾಕಿದ್ದರಿಂದ ಕಾಪಿರೈಟ್ ಕ್ಲೇಮ್ ಬಿದ್ದು, ಅಲ್ಲಿಂದ ಮುಂದೆ ಸುಮಾರು ಹೊತ್ತು ಶಬ್ದವೇ ಇಲ್ಲ.

ಯಲಹಂಕದಿಂದ ಯಶವಂತಪುರದವರೆಗೆ ಈ ಉತ್ತರ ಬೆಂಗಳೂರಿನ ಪಟ್ಟಿಯಲ್ಲಿ ಎಷ್ಟು ಕಾಲೇಜುಗಳಿವೆ ನೋಡಿ. ಹುಣಸಮಾರನಹಳ್ಳಿಯ ಸರ್ ಎಂವಿಐಟಿ, ಅವಲಹಳ್ಳಿಯ ಬಿಎಂಎಸ್‌ಐಟಿ, ಕಟ್ಟಿಗೇನಹಳ್ಳಿಯ ರೇವಾ, ರಾಜಾನುಕುಂಟೆಯ ಪ್ರೆಸಿಡೆನ್ಸಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಜಿಕೆವಿಕೆ. ಇಲ್ಲಿನ ಹುಡುಗ ಹುಡುಗಿಯರು ಹೊರಗೆ ಹೋಗಿ ಆಡುವ ಆಟ ಹಿಂದೆ ಉಳಿದವರಿಗೆ ಯಾಕೆ ಕಾಣಲ್ಲ, ಕಾಣಬೇಕು ಅಂದ್ರೆ ಏನು ಮಾಡಬೇಕು, ಯಾರನ್ನ ಕೇಳಬೇಕು ಅನ್ನೋದು ಈ ಬರಹದ ವಿಷಯ.

ಯಾವ ಆಟ, ಯಾರ ಆಟ

ಮೊದಲು ಏಣಿಯ ಮೆಟ್ಟಿಲು ಗೊತ್ತಿರಬೇಕು. ಇಲ್ಲದಿದ್ದರೆ ಯೂಟ್ಯೂಬ್‌ನಲ್ಲಿ ಏನಂತ ಹುಡುಕಬೇಕು ಅನ್ನೋದೇ ತಿಳಿಯಲ್ಲ.

ವಿಟಿಯುನಂಥ ಸಂಯೋಜಿತ ವಿಶ್ವವಿದ್ಯಾಲಯದಲ್ಲಿ ಕಾಲೇಜು ತಂಡಗಳು ಅಂತರ ಕಾಲೇಜು ಟೂರ್ನಿ ಆಡ್ತವೆ. ಅಲ್ಲಿ ಆಡಿದವರಿಂದ ಆಯ್ದು ವಿವಿ ತಂಡ ಕಟ್ತಾರೆ. ರೇವಾ, ಜೈನ್, ಕ್ರೈಸ್ಟ್‌ನಂಥ ಖಾಸಗಿ ಮತ್ತು ಡೀಮ್ಡ್ ವಿವಿಗಳು ನೇರವಾಗಿ ತಮ್ಮದೇ ತಂಡ ಇಳಿಸ್ತವೆ. ಎಲ್ಲರೂ ಎದುರಾಗುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಅಂದರೆ ಎಐಯು, ನಡೆಸುವ ಅಂತರ ವಿವಿ ಟೂರ್ನಿಯಲ್ಲಿ. ದೇಶವನ್ನ ವಲಯಗಳಾಗಿ ಹಂಚಿದ್ದಾರೆ. ನಮ್ಮದು ದಕ್ಷಿಣ: ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರ, ತೆಲಂಗಾಣ, ಪುದುಚೇರಿ. ಮೊದಲು ನಾಕೌಟ್, ಉಳಿದ ನಾಲ್ಕು ತಂಡಗಳ ನಡುವೆ ಲೀಗ್, ಆಮೇಲೆ ಅಖಿಲ ಭಾರತ ಮಟ್ಟ. ಪುರುಷರ ಟೂರ್ನಿಯನ್ನೂ ಮಹಿಳೆಯರ ಟೂರ್ನಿಯನ್ನೂ ಬೇರೆ ಬೇರೆ ವಿವಿಗಳಿಗೆ ಬೇರೆ ಬೇರೆ ತಾರೀಖಿಗೆ ಹಂಚುವುದು ಮಾಮೂಲು. ಅದಕ್ಕೇ ಹುಡುಗರ ಟೂರ್ನಿ ಸಿಕ್ಕಿದ ಚಾನೆಲ್‌ನಲ್ಲೇ ಹುಡುಗಿಯರದ್ದೂ ಇರತ್ತೆ ಅಂತ ಕಾಯಬೇಡಿ.

ಇದರ ಮೇಲೆ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್. 2020ರಲ್ಲಿ ಭುವನೇಶ್ವರದಲ್ಲಿ ಶುರುವಾದದ್ದು. ಎರಡನೇ ಆವೃತ್ತಿ 2022ರ ಏಪ್ರಿಲ್ 24ರಿಂದ ಮೇ 3ರವರೆಗೆ ಬೆಂಗಳೂರಿನಲ್ಲೇ ನಡೀತು. ಜೈನ್ ವಿವಿ ಆತಿಥೇಯ, ಪದಕಪಟ್ಟಿಯ ಮೇಲ್ತುದಿಯಲ್ಲೂ ಅದೇ. ಇಂಥ ಕೂಟಕ್ಕೆ ಕೇಂದ್ರ ಸರ್ಕಾರದ ಹೆಸರು, ಹಣ, ಪ್ರಚಾರ ಎಲ್ಲ ಇರೋದ್ರಿಂದ ಕ್ಯಾಮೆರಾನೂ ಇರತ್ತೆ. ಕತ್ತಲು ಇರುವುದು ಅದರ ಕೆಳಗಿನ ಮೆಟ್ಟಿಲುಗಳಲ್ಲಿ. ಆಟಗಾರರು ಹೆಚ್ಚು ಮ್ಯಾಚ್ ಆಡೋದೂ ಅಲ್ಲೇ.

ಕ್ಯಾಮೆರಾ ಆತಿಥೇಯರ ಮರ್ಜಿ

ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ದೊಡ್ಡ ದುಡ್ಡಿನ ವ್ಯವಹಾರ. ಅಲ್ಲೂ ಹೊರ ಊರಿನ ಮ್ಯಾಚ್ ನೋಡುವವರ ಗೋಳು ಇದ್ದೇ ಇದೆ, ಕಾರಣ ಮಾತ್ರ ಬೇರೆ. 1984ರವರೆಗೆ ಕಾಲೇಜು ಫುಟ್‌ಬಾಲ್‌ನ ಟೀವಿ ಪ್ರಸಾರವನ್ನು ಎನ್‌ಸಿಎಎ ಅನ್ನೋ ಕೇಂದ್ರ ಸಂಸ್ಥೆ ಹಿಡಿತದಲ್ಲಿ ಇಟ್ಟುಕೊಂಡಿತ್ತು. ಯಾವ ಕಾಲೇಜು ಎಷ್ಟು ಸಲ ಟೀವಿಯಲ್ಲಿ ಬರಬೇಕು ಅನ್ನೋದಕ್ಕೂ ಮಿತಿ. ಒಕ್ಲಹೋಮ ವಿವಿ ಕೋರ್ಟಿಗೆ ಹೋಯಿತು, ಆ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಈ ಏಕಸ್ವಾಮ್ಯವನ್ನ ಮುರಿಯಿತು. ಮುಂದೆ ಕಾಲೇಜುಗಳ ಒಕ್ಕೂಟಗಳು, ಅಂದರೆ ಕಾನ್ಫರೆನ್ಸ್‌ಗಳು, ತಮ್ಮ ಹಕ್ಕು ತಾವೇ ಮಾರಿಕೊಂಡವು, ತಮ್ಮದೇ ಚಾನೆಲ್ ಕಟ್ಟಿದವು. ಬಿಗ್ ಟೆನ್ ನೆಟ್‌ವರ್ಕ್ 2007ರಲ್ಲಿ, ಎಸ್‌ಇಸಿ ನೆಟ್‌ವರ್ಕ್ 2014ರಲ್ಲಿ ಬಂತು. 2018ರಲ್ಲಿ ಇಎಸ್‌ಪಿಎನ್ ಪ್ಲಸ್ ಬಂದ ಮೇಲೆ ಸಣ್ಣ ಕಾಲೇಜುಗಳ ಸಾವಿರಾರು ಮ್ಯಾಚ್‌ಗಳು ಆನ್‌ಲೈನ್‌ಗೆ ಹೋದವು. ಸಾಮಾನ್ಯ ಪದ್ಧತಿ ಏನಂದ್ರೆ, ಯಾರ ಅಂಗಳವೋ ಅವರದ್ದೇ ಪ್ರಸಾರ. ನಿಮ್ಮ ತಂಡ ಬೇರೆ ಒಕ್ಕೂಟದ ಊರಿಗೆ ಹೋದರೆ ಆ ಒಕ್ಕೂಟದ ಚಂದಾ ನೀವು ಕಟ್ಟಬೇಕು. ಹೀಗಾಗಿ ಒಂದೇ ತಂಡದ ಅಭಿಮಾನಿ ಮೂರು ನಾಲ್ಕು ಕಡೆ ದುಡ್ಡು ತೆತ್ತು ನೋಡ್ತಾನೆ.

ನಮ್ಮಲ್ಲೂ ಯಾರ ಅಂಗಳವೋ ಅವರದ್ದೇ ಪ್ರಸಾರ. ದುಡ್ಡಿಲ್ಲ, ಆದ್ದರಿಂದ ಕರಾರೂ ಇಲ್ಲ. ಆತಿಥೇಯ ವಿವಿಯ ಮೀಡಿಯಾ ವಿಭಾಗಕ್ಕೆ ಉತ್ಸಾಹ ಇದ್ದರೆ ಎರಡು ಕ್ಯಾಮೆರಾ, ಸ್ಕೋರ್ ಪಟ್ಟಿ, ಕಾಮೆಂಟರಿ. ಇಲ್ಲಾಂದ್ರೆ ಉದ್ಘಾಟನೆಯಲ್ಲಿ ಕುಲಪತಿ ದೀಪ ಹಚ್ಚೋದು, ಸಮಾರೋಪದಲ್ಲಿ ಟ್ರೋಫಿ ಕೊಡೋದು ಎರಡೇ ವಿಡಿಯೋ. ನಡುವಿನ ನಾಲ್ಕು ದಿನದ ಆಟ ಎಲ್ಲೂ ಇಲ್ಲ. ದೀಪಕ್ಕೆ ತಂದ ಕ್ಯಾಮೆರಾ ಅಲ್ಲೇ ಇತ್ತಲ್ಲ ಸ್ವಾಮಿ ಅಂತ ಕೇಳಬೇಕು ಅನ್ಸತ್ತೆ.

ಇದು ಬ್ಯಾಸ್ಕೆಟ್‌ಬಾಲ್‌ನ ಹಣೆಬರಹ ಮಾತ್ರ ಅಂದ್ಕೋಬೇಡಿ. 2025ರ ಜನವರಿ 30ಕ್ಕೆ ದೆಹಲಿಯಲ್ಲಿ ಶುರುವಾದ ದೆಹಲಿ–ರೈಲ್ವೇಸ್ ರಣಜಿ ಪಂದ್ಯ ಮೊದಲು ಪ್ರಸಾರದ ಪಟ್ಟಿಯಲ್ಲೇ ಇರಲಿಲ್ಲ. ವಿರಾಟ್ ಕೊಹ್ಲಿ 12 ವರ್ಷದ ಮೇಲೆ ರಣಜಿ ಆಡ್ತಾರೆ ಅಂದ ಕೂಡಲೇ ಜಿಯೋಸಿನಿಮಾದಲ್ಲಿ ನೇರಪ್ರಸಾರ ಬಂತು. ಶ್ರೀಮಂತ ಕ್ರಿಕೆಟ್‌ನಲ್ಲೇ ಕ್ಯಾಮೆರಾ ಹೋಗೋದು ಸ್ಟಾರ್ ಹಿಂದೆ. ಅಂಥದ್ದರಲ್ಲಿ ಯಶವಂತಪುರದಲ್ಲಿ ರಾತ್ರಿ ರೈಲು ಹತ್ತಿ, ಬೆಳಗ್ಗೆ ಇಳಿದು ಹಾಸ್ಟೆಲ್ ನೆಲದ ಮೇಲೆ ಹಾಸಿಗೆ ಹಾಸಿಕೊಳ್ಳೋ ಹುಡುಗೀರ ಹಿಂದೆ ಯಾರು ಹೋಗ್ತಾರೆ?

ಇದ್ದರೆ ಹುಡುಕೋದು ಹೀಗೆ

ತಂಡ ಹೊರಡುವ ಮುಂಚೆಯೇ ಆತಿಥೇಯ ವಿವಿ ಯಾವುದು ಅಂತ ತಿಳ್ಕೊಳ್ಳಿ. ಎಐಯು ವರ್ಷದ ಕ್ರೀಡಾ ಕ್ಯಾಲೆಂಡರನ್ನು ತನ್ನ ಜಾಲತಾಣದಲ್ಲಿ ಹಾಕತ್ತೆ. ಯಾವ ಆಟ, ಯಾವ ವಲಯ, ಯಾರ ಆತಿಥ್ಯ ಎಲ್ಲ ಅದರಲ್ಲಿರತ್ತೆ. ಡ್ರಾ, ಅಂದರೆ ಯಾರ ಮೇಲೆ ಯಾರು ಅನ್ನೋ ಪಟ್ಟಿ, ಬರೋದು ಆತಿಥೇಯರಿಂದ. ಅದು ಪಿಡಿ ಸರ್ ವಾಟ್ಸ್ಯಾಪ್‌ನಲ್ಲಿ ಪಿಡಿಎಫ್ ಆಗಿ ಕೂತಿರತ್ತೆ. ಕೇಳಿದ್ರೆ ಕೊಡ್ತಾರೆ, ಕೇಳೋರಿಲ್ಲ.

ಆಮೇಲೆ ಯೂಟ್ಯೂಬ್‌ನಲ್ಲಿ ನಿಮ್ಮ ಕಾಲೇಜಿನ ಹೆಸರು ಹಾಕಿ ಹುಡುಕಬೇಡಿ. ಶೀರ್ಷಿಕೆಯಲ್ಲಿ ನಿಮ್ಮ ಹೆಸರು ಇರೋದೇ ಇಲ್ಲ. ಆತಿಥೇಯ ವಿವಿಯ ಚಾನೆಲ್‌ಗೆ ಹೋಗಿ, 'ವಿಡಿಯೋಸ್' ಬಿಟ್ಟು 'ಲೈವ್' ಟ್ಯಾಬ್ ಒತ್ತಿ. ಮುಗಿದ ನೇರಪ್ರಸಾರಗಳು ಅಲ್ಲೇ ಸಿಗೋದು. ಅಲ್ಲಿ ಇಲ್ಲವಾದರೆ 'ಸೌತ್ ಝೋನ್', 'ಇಂಟರ್ ಯೂನಿವರ್ಸಿಟಿ', ಆಟದ ಹೆಸರು ಮತ್ತು ವರ್ಷ ಹಾಕಿ ಫಿಲ್ಟರ್‌ನಲ್ಲಿ 'ಲೈವ್' ಆರಿಸಿ. ಕೆಲವು ವಿವಿಗಳು ತಮ್ಮ ಮುಖ್ಯ ಚಾನೆಲ್ ಬಿಟ್ಟು ಕ್ರೀಡಾ ವಿಭಾಗದ ಚಾನೆಲ್‌ನಲ್ಲೋ, ಬಾಡಿಗೆಗೆ ಕರೆಸಿದ ವಿಡಿಯೋದವರ ಚಾನೆಲ್‌ನಲ್ಲೋ ಹಾಕ್ತವೆ. ನಮ್ಮೂರ ಮದುವೆ ಲೈವ್ ಮಾಡೋರ ಚಾನೆಲ್ ಇರತ್ತಲ್ಲ, ಅಂಥದ್ದೇ. ಹಿಂದಿನ ವಿಡಿಯೋ ನಾಮಕರಣ, ಮುಂದಿನದು ಗೃಹಪ್ರವೇಶ, ನಡುವೆ ಕ್ವಾರ್ಟರ್‌ಫೈನಲ್.

ಸಿಕ್ಕ ಮೇಲಿನ ಕೆಲಸ ಸಮಯ ಗುರುತಿಸೋದು. ಒಂದು ಕೋರ್ಟ್, ದಿನಕ್ಕೆ ಐದಾರು ಮ್ಯಾಚ್, ವೇಳಾಪಟ್ಟಿ ಯಾವಾಗಲೂ ಹಿಂದೆ ಬೀಳತ್ತೆ. ನಿಮ್ಮ ಮ್ಯಾಚ್ ಶುರುವಾಗೋ ಜಾಗ ಸಿಕ್ಕಿದರೆ ಶೇರ್ ಒತ್ತಿ 'ಸ್ಟಾರ್ಟ್ ಅಟ್' ಟಿಕ್ ಮಾಡಿ ಮನೆಯವರ ಗ್ರೂಪಿಗೆ ಕಳಿಸಿ. ಕಾಮೆಂಟ್‌ನಲ್ಲೂ ಸಮಯ ಬರೆದುಬಿಡಿ, ಎದುರು ತಂಡದ ಅಪ್ಪ ಅಮ್ಮನೂ ಅದನ್ನೇ ಹುಡುಕ್ತಿರ್ತಾರೆ. ಡೇಟಾ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 480ಪಿ ಇಟ್ಟರೆ ಒಂದು ಮ್ಯಾಚ್‌ಗೆ ಸುಮಾರು ಅರ್ಧ ಜಿಬಿಯಿಂದ ಮುಕ್ಕಾಲು ಜಿಬಿ ಸಾಕು.

ಒಂದು ಎಚ್ಚರಿಕೆ. ಸಣ್ಣ ಟೂರ್ನಿಗಳ ಹೆಸರಲ್ಲಿ ಫೇಸ್‌ಬುಕ್ ಕಾಮೆಂಟುಗಳಲ್ಲಿ 'ಇಲ್ಲಿ ಲೈವ್ ನೋಡಿ' ಅನ್ನೋ ಲಿಂಕ್ ಬೀಳ್ತಾ ಇರತ್ತೆ. ಒತ್ತಿದರೆ ಕಾರ್ಡ್ ನಂಬರ್ ಕೇಳತ್ತೆ ಅಥವಾ ಬೆಟ್ಟಿಂಗ್ ತಾಣಕ್ಕೆ ಒಯ್ಯತ್ತೆ. ಟೀವಿಯಲ್ಲಿ ಬಾರದ ಆಟದ ಮೇಲೆ ಜೂಜಿನವರ ಕಣ್ಣು ಯಾಕೆ ಅನ್ನೋದಕ್ಕೆ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಮೊಲಿಪುರ ನೆನಪಿಸಿಕೊಳ್ಳಿ. 2022ರಲ್ಲಿ ಅಲ್ಲಿ ಹೊಲವೊಂದನ್ನು ಮೈದಾನ ಮಾಡಿ, ಕೂಲಿಯವರಿಗೆ ಜೆರ್ಸಿ ತೊಡಿಸಿ, ಯೂಟ್ಯೂಬ್‌ನಲ್ಲಿ ನಕಲಿ 'ಐಪಿಎಲ್' ನಡೆಸಿ ರಷ್ಯಾದ ಜೂಜುಕೋರರಿಂದ ದುಡ್ಡು ಕಟ್ಟಿಸಿಕೊಂಡಿದ್ದರು. ಅಧಿಕೃತ ಪ್ರಸಾರ ಇಲ್ಲದ ಜಾಗದಲ್ಲಿ ಯಾವುದು ನಿಜ ಅಂತ ಪರೀಕ್ಷೆ ಮಾಡೋರೂ ಇರಲ್ಲ.

ಇಲ್ಲದಿದ್ದರೆ ನಾವೇ ಮಾಡೋದು

ಎಂಜಿನಿಯರಿಂಗ್ ಓದಿದ್ದು ಇದೊಂದಕ್ಕಾದರೂ ಉಪಯೋಗಕ್ಕೆ ಬರಲಿ ಅಂತ ಸ್ವಲ್ಪ ವಿವರವಾಗಿ ಬರೀತೀನಿ.

ಮೀಟ್, ವಾಟ್ಸ್ಯಾಪ್ ಕಾಲ್ ಬೇಡ. ಯೂಟ್ಯೂಬ್ ಲೈವ್ ಮಾಡಿ. ಆದರೆ ಮ್ಯಾಚ್ ದಿನ ಬೆಳಗ್ಗೆ ಚಾನೆಲ್ ಮಾಡಿದರೆ ಆಗಲ್ಲ: ಮೊದಲ ಸಲ ಲೈವ್ ಸೌಲಭ್ಯ ತೆರೆಯೋಕೆ 24 ಗಂಟೆವರೆಗೆ ಹಿಡಿಯತ್ತೆ, ಮೊಬೈಲ್ ಆ್ಯಪ್‌ನಿಂದ ಮಾಡೋಕೆ ಕನಿಷ್ಠ 50 ಸಬ್‌ಸ್ಕ್ರೈಬರ್‌ಗಳು ಬೇಕು. ಐವತ್ತು ಜನ ಏನು ದೊಡ್ಡದಲ್ಲ, ಎರಡು ಸೆಕ್ಷನ್‌ನ ಕ್ಲಾಸ್ ಗ್ರೂಪಿನಲ್ಲಿ ಸಂಜೆಯೊಳಗೆ ಆಗತ್ತೆ. ಇನ್‌ಸ್ಟಾಗ್ರಾಂನಲ್ಲಿ ಮಾಡ್ತೀನಿ ಅನ್ನೋರಿಗೆ: 2025ರ ಆಗಸ್ಟ್‌ನಿಂದ ಅಲ್ಲಿ ಲೈವ್‌ಗೆ ಪಬ್ಲಿಕ್ ಖಾತೆ, 1,000 ಫಾಲೋವರ್ಸ್ ಬೇಕು. ಅದೂ ಅಲ್ಲದೆ ರೆಕಾರ್ಡಿಂಗ್ 30 ದಿನ ಮಾತ್ರ ಆರ್ಕೈವ್‌ನಲ್ಲಿ ಉಳಿಯತ್ತೆ. ಯೂಟ್ಯೂಬ್‌ನಲ್ಲಿ 12 ಗಂಟೆಯೊಳಗಿನ ಲೈವ್ ತಾನಾಗಿ ವಿಡಿಯೋ ಆಗಿ ಉಳಿಯತ್ತೆ. ನಮಗೆ ಬೇಕಾಗಿರೋದೇ ಆ ಉಳಿಯುವ ಗುಣ.

ಒಳಾಂಗಣ ಕ್ರೀಡಾಂಗಣದಲ್ಲಿ ಡೌನ್‌ಲೋಡ್ ವೇಗ ನೋಡಿ ಖುಷಿ ಪಡಬೇಡಿ, ಅಪ್‌ಲೋಡ್ ನೋಡಿ. 720ಪಿ ಸ್ಟ್ರೀಮ್‌ಗೆ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಲೆಕ್ಕ ಹಾಕಿದರೆ ಒಂದೂವರೆ ಗಂಟೆಗೆ 2.7 ಜಿಬಿ ಆಗತ್ತೆ. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದವರ ಫೋನ್ ನಾಲ್ಕನೇ ಕ್ವಾರ್ಟರ್‌ನಲ್ಲಿ ಕೈ ಎತ್ತತ್ತೆ. ಇಬ್ಬರ ಸಿಮ್ ಸಿದ್ಧ ಇಟ್ಕೊಳ್ಳಿ, ಅಥವಾ ಆತಿಥೇಯರ ವೈಫೈ ಪಾಸ್‌ವರ್ಡ್ ಮುಂಚೆಯೇ ಕೇಳಿ. ಫೋನನ್ನು ಮಧ್ಯ ಗೆರೆಯ ನೇರಕ್ಕೆ, ಗ್ಯಾಲರಿಯ ಎತ್ತರದಲ್ಲಿ, ಟ್ರೈಪಾಡ್ ಮೇಲೆ ಅಡ್ಡ ಇಡಿ. ಬಾಲ್ ಹಿಂದೆ ಜೂಮ್ ಮಾಡ್ಕೊಂಡು ಓಡಾಡಬೇಡಿ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಬಾಲ್ ಇಲ್ಲದ ನಾಲ್ಕು ಜನ ಏನು ಮಾಡ್ತಿದ್ದಾರೆ ಅನ್ನೋದೇ ಅರ್ಧ ಆಟ. ಕೋಚ್‌ಗೂ ಆಯ್ಕೆಗಾರರಿಗೂ ಬೇಕಾಗೋದು ಅದು. ಲ್ಯಾಪ್‌ಟಾಪ್ ಇದ್ದರೆ ಓಬಿಎಸ್ ಅನ್ನೋ ಉಚಿತ ತಂತ್ರಾಂಶದಲ್ಲಿ ಮೂಲೆಗೊಂದು ಸ್ಕೋರ್ ಪಟ್ಟಿ ಹಾಕಬಹುದು. ಇಲ್ಲದಿದ್ದರೆ ಪ್ರತಿ ಎರಡು ನಿಮಿಷಕ್ಕೆ ಬಾಯಲ್ಲಿ ಸ್ಕೋರ್ ಹೇಳಿ, ಅಷ್ಟು ಕಾಮೆಂಟರಿ ಧಾರಾಳವಾಯ್ತು. ಹಾಡು ಹಾಕುವ ಡಿಜೆ ಅಣ್ಣನಿಗೆ ಒಂದು ಮಾತು ಹೇಳಿ ಇಲ್ಲವೇ ಹಾಫ್‌ಟೈಮ್‌ನಲ್ಲಿ ಮೈಕ್ ಮ್ಯೂಟ್ ಮಾಡಿ. ಇಷ್ಟು ಗೊತ್ತಿದ್ದಿದ್ದರೆ ಆಂಟಿ ಮಗಳ ಮ್ಯಾಚ್ ಮೂಕಿಚಿತ್ರ ಆಗ್ತಿರಲಿಲ್ಲ.

ಕಾನೂನು ಎಲ್ಲಿ ನಿಲ್ಲುತ್ತೆ

'ಲೈವ್ ಮಾಡಿದ್ರೆ ಕಾಪಿರೈಟ್ ಕೇಸ್ ಬೀಳತ್ತೆ' ಅನ್ನೋ ಹೆದರಿಕೆ ಹುಡುಗರಲ್ಲಿ ಇದೆ. ಅರ್ಧ ಸರಿ. ಆಟಕ್ಕೆ ಕಾಪಿರೈಟ್ ಇಲ್ಲ, ಆಟದ ಚಿತ್ರೀಕರಣಕ್ಕೆ ಇದೆ. 1957ರ ಕಾಪಿರೈಟ್ ಕಾಯ್ದೆಯ 37ನೇ ಸೆಕ್ಷನ್ ಪ್ರಸಾರಕರಿಗೆ ಅವರ ಪ್ರಸಾರದ ಮೇಲೆ 25 ವರ್ಷದ ಹಕ್ಕು ಕೊಡತ್ತೆ. ಆದ್ದರಿಂದ ಆತಿಥೇಯರ ಸ್ಟ್ರೀಮನ್ನು ಎತ್ತಿ ನಿಮ್ಮ ಚಾನೆಲ್‌ನಲ್ಲಿ ಹಾಕೋದು ತಪ್ಪು. ಗ್ಯಾಲರಿಯಿಂದ ನೀವೇ ತೆಗೆದದ್ದು ನಿಮ್ಮದು. ಆದರೆ ಅಂಗಳ ಅವರದ್ದು. ಒಳಗೆ ಚಿತ್ರೀಕರಣ ಬೇಡ ಅಂತ ಷರತ್ತು ಹಾಕೋ ಅಧಿಕಾರ ಅವರಿಗಿದೆ. ಅದಕ್ಕೆ ಮುಂಚೆಯೇ ಪಿಡಿ ಸರ್ ಕೈಲಿ ಒಂದು ಮೇಲ್ ಹಾಕಿಸಿ ಒಪ್ಪಿಗೆ ತಗೊಳ್ಳಿ. ಪಿಯು ಮಟ್ಟದ ಟೂರ್ನಿಯಾದರೆ ಆಡೋರು 18ರ ಒಳಗಿನ ಮಕ್ಕಳು. ಅಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಪಬ್ಲಿಕ್ ಲೈವ್ ಬೇಡ, 'ಅನ್‌ಲಿಸ್ಟೆಡ್' ಇಟ್ಟು ಲಿಂಕ್ ಮಾತ್ರ ಹಂಚಿ.

ಬರೀ ಸ್ಕೋರ್ ಹೇಳೋದಕ್ಕೆ ಯಾರೂ ಅಡ್ಡ ಬರೋ ಹಾಗಿಲ್ಲ ಅನ್ನೋ ವಾದಕ್ಕೆ ಒಂದು ಬ್ಯಾಸ್ಕೆಟ್‌ಬಾಲ್ ಇತಿಹಾಸವೇ ಇದೆ. ಪೇಜರ್ ಕಾಲದಲ್ಲಿ ಮೋಟೊರೋಲಾ ಎನ್‌ಬಿಎ ಪಂದ್ಯಗಳ ಸ್ಕೋರನ್ನು ಪೇಜರ್‌ಗೆ ಕಳಿಸ್ತಿತ್ತು. ಎನ್‌ಬಿಎ ಕೋರ್ಟಿಗೆ ಹೋಯಿತು. ಸ್ಕೋರ್ ಅನ್ನೋದು ವಾಸ್ತವ ಸಂಗತಿ, ಅದು ಯಾರ ಸ್ವತ್ತೂ ಅಲ್ಲ ಅನ್ನೋ ನಿಲುವಿನ ಮೇಲೆ 1997ರಲ್ಲಿ ಎನ್‌ಬಿಎ ಸೋತಿತು. ನಮ್ಮಲ್ಲಿ ಕ್ರಿಕೆಟ್ ಸ್ಕೋರಿನ ಎಸ್ಸೆಮ್ಮೆಸ್ ಬಗ್ಗೆ ಸ್ಟಾರ್ ಇಂಡಿಯಾ ಹೂಡಿದ ದಾವೆಯಲ್ಲಿ 2013ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠವೂ ಹೆಚ್ಚುಕಡಿಮೆ ಇದೇ ದಾರಿ ಹಿಡಿಯಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು.

ಇನ್ನು ಸರ್ಕಾರಿ ಟೀವಿ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು: ವಾಯುತರಂಗಗಳು ಸಾರ್ವಜನಿಕ ಸ್ವತ್ತು. ಆ ಕೇಸು ಹುಟ್ಟಿದ್ದೂ ಆಟದಿಂದಲೇ, ಬಂಗಾಳ ಕ್ರಿಕೆಟ್ ಸಂಸ್ಥೆ 1993ರ ಹೀರೋ ಕಪ್ ಪ್ರಸಾರದ ಹಕ್ಕನ್ನ ದೂರದರ್ಶನಕ್ಕೆ ಕೊಡದೆ ಬೇರೆಯವರಿಗೆ ಕೊಟ್ಟ ಜಗಳದಿಂದ. 2007ರಲ್ಲಿ ಬಂದ ಕ್ರೀಡಾ ಪ್ರಸಾರ ಸಂಕೇತಗಳ ಕಾಯ್ದೆ 'ರಾಷ್ಟ್ರೀಯ ಮಹತ್ವದ' ಕ್ರೀಡಾಕೂಟಗಳ ಸಂಕೇತವನ್ನು ಖಾಸಗಿ ಚಾನೆಲ್‌ಗಳು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು ಅಂತು. ಟೀವಿ ಜಾಹೀರಾತಿನ ಹಣದಲ್ಲಿ ಹಕ್ಕುದಾರರಿಗೆ ಕನಿಷ್ಠ 75, ಪ್ರಸಾರ ಭಾರತಿಗೆ 25 ಪಾಲು. ಕೇಳೋಕೆ ಚೆನ್ನಾಗಿದೆ. ಆದರೆ ಈ ಕಾನೂನು ಹಂಚಿಕೊಳ್ಳಿ ಅನ್ನೋದು ಆಗಲೇ ಯಾರೋ ತೆಗೆದಿರುವ ಚಿತ್ರವನ್ನ. ಯಾರೂ ಕ್ಯಾಮೆರಾ ಇಡದ ಆಟಕ್ಕೆ ಕ್ಯಾಮೆರಾ ಇಡಿ ಅಂತ ಯಾವ ಕಾನೂನೂ ಹೇಳಲ್ಲ. ದುಡ್ಡಿರುವ ಆಟದಲ್ಲಿ ಪ್ರೇಕ್ಷಕನ ಹಕ್ಕಿನ ಬಗ್ಗೆ ಮೂವತ್ತು ವರ್ಷ ವಾದ ಮಾಡಿದ್ದೀವಿ. ದುಡ್ಡಿಲ್ಲದ ಆಟಗಳ ಬಗ್ಗೆ ವಾದವೇ ಶುರುವಾಗಿಲ್ಲ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ 'ವೇವ್ಸ್' ಅಂತ ಒಟಿಟಿ ತೆರೆದಿದೆ. ವಿವಿ ಟೂರ್ನಿಗಳಿಗೆ ಅಲ್ಲೊಂದು ಮೂಲೆ ಕೊಡೋಕೆ ತಾಂತ್ರಿಕವಾಗಿ ಏನೂ ಕಷ್ಟ ಇಲ್ಲ.

ಫಾರಂ 3ರ ಹಿಂದಿನ ಆಟ

ಇಷ್ಟೆಲ್ಲ ಯಾಕೆ, ಮನೆಯವರು ನೋಡಿ ಖುಷಿ ಪಡೋದಕ್ಕಾ ಅಂತ ನೀವು ಕೇಳಬಹುದು. ಅದೂ ಸಣ್ಣ ಕಾರಣ ಅಲ್ಲ. ಆದರೆ ವಿಷಯ ಕೆಲಸದ್ದು ಕೂಡ.

ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಬೇರೆ ಬೇರೆ ಬಗೆಯ ಪ್ರಮಾಣಪತ್ರದ ನಮೂನೆಗಳಿವೆ. ಅಂತರ ವಿವಿ ಟೂರ್ನಿಯಲ್ಲಿ ವಿವಿಯನ್ನ ಪ್ರತಿನಿಧಿಸಿದವರದ್ದು ಫಾರಂ 3. ಬ್ಯಾಸ್ಕೆಟ್‌ಬಾಲ್‌ನವರಿಗೆ ಅದು ರೈಲ್ವೆ, ಬ್ಯಾಂಕು, ಪೊಲೀಸ್ ಕಡೆಯ ಬಾಗಿಲು. ಯಲಹಂಕದ ರೈಲು ಗಾಲಿ ಕಾರ್ಖಾನೆಯೂ ಕ್ರೀಡಾ ಕೋಟಾದಲ್ಲಿ ಜನ ತಗೊಳ್ಳತ್ತೆ. ಬೆಂಗಳೂರಿನಲ್ಲಿ ಬ್ಯಾಂಕ್ ತಂಡಗಳ ಪರಂಪರೆ ಹಳೆಯದು. 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ವಿಜಯಾ ಬ್ಯಾಂಕಿನ ತಂಡ ಒಂದು ಕಾಲದಲ್ಲಿ ಇಲ್ಲಿನ ಕೋರ್ಟುಗಳ ದೊಡ್ಡ ಹೆಸರು.

ಪ್ರಮಾಣಪತ್ರದಲ್ಲಿ ಇರೋದು ಹೆಸರು, ಟೂರ್ನಿ, ತಂಡದ ಸ್ಥಾನ. ಹನ್ನೆರಡು ಜನರ ತಂಡದಲ್ಲಿ 35 ನಿಮಿಷ ಬೆವರು ಸುರಿಸಿದವಳಿಗೂ, ಎಲ್ಲ ಮ್ಯಾಚ್ ಬೆಂಚಲ್ಲಿ ಕೂತವಳಿಗೂ ಒಂದೇ ಕಾಗದ. ಟ್ರಯಲ್ ಇರತ್ತೆ, ನಿಜ. ಆದರೆ ಟ್ರಯಲ್ ಒಂದು ದಿನದ್ದು, ಅವತ್ತು ಜ್ವರ ಬಂದಿದ್ದರೆ ಮುಗೀತು. ಯಾರು ಎಷ್ಟು ನಿಮಿಷ ಆಡಿದರು, ಎಷ್ಟು ಬಾಲ್ ಕಳೆದರು ಅನ್ನೋ ದಾಖಲೆ ಎಲ್ಲೂ ಇಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ನೋಡಿ. 2017ರ ಜುಲೈನಲ್ಲಿ ಫಿಬಾ ಮಹಿಳಾ ಏಷ್ಯಾ ಕಪ್ ನಮ್ಮ ಬೆಂಗಳೂರಿನಲ್ಲಿ ನಡೀತು. ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ಡಿವಿಷನ್‌ಗೆ ಏರಿತು. ಆ ಟೂರ್ನಿಯ ಪ್ರತಿ ಆಟಗಾರ್ತಿಯ ಅಂಕ, ರೀಬೌಂಡ್, ಆಡಿದ ನಿಮಿಷ ಇವತ್ತಿಗೂ ಫಿಬಾ ಜಾಲತಾಣದಲ್ಲಿ ಸಿಗತ್ತೆ. ಅದೇ ಊರಿನ ಕಾಲೇಜು ಹುಡುಗಿ ಹೊರ ಊರಲ್ಲಿ ಆಡಿದ ಸೆಮಿಫೈನಲ್‌ನ ಸ್ಕೋರ್‌ಶೀಟ್ ಆತಿಥೇಯರ ಕಬೋರ್ಡಿನಲ್ಲಿ ಕೂತಿರತ್ತೆ. ಆಟದ ಮಟ್ಟದ ವ್ಯತ್ಯಾಸ ಒಪ್ಪೋಣ. ಸ್ಕೋರ್‌ಶೀಟ್‌ನ ಫೋಟೋ ತೆಗೆದು ಜಾಲತಾಣಕ್ಕೆ ಹಾಕೋಕೆ ಆಟದ ಮಟ್ಟ ಅಡ್ಡ ಬರಲ್ಲ.

ಯಾರನ್ನ ಕೇಳೋದು

ಕಾಲೇಜು ಶುಲ್ಕದ ರಸೀದಿಯಲ್ಲಿ ಕ್ರೀಡಾ ಶುಲ್ಕ ಅಂತ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರತ್ತೆ. ಕೋರ್ಟಿಗೆ ಕಾಲೇ ಇಡದವರೂ ಅದನ್ನ ಕಟ್ತಾರೆ. ವಿಟಿಯು, ಬೆಂಗಳೂರು ವಿವಿ, ಕೃಷಿ ವಿವಿಯಂಥ ಸರ್ಕಾರಿ ವಿವಿಗಳು ಮಾಹಿತಿ ಹಕ್ಕು ಕಾಯ್ದೆಯಡಿ ಬರ್ತವೆ. ಹತ್ತು ರೂಪಾಯಿ ಅರ್ಜಿ, 30 ದಿನದಲ್ಲಿ ಉತ್ತರ ಕೊಡಬೇಕು. ಕ್ರೀಡಾ ಶುಲ್ಕದಿಂದ ಬಂದ ಒಟ್ಟು ಹಣ ಎಷ್ಟು, ಟೂರ್ನಿ ಆತಿಥ್ಯಕ್ಕೆ ಖರ್ಚಾದದ್ದು ಎಷ್ಟು, ಅದರಲ್ಲಿ ಚಿತ್ರೀಕರಣಕ್ಕೆ ಹೋದದ್ದು ಎಷ್ಟು, ಆ ಚಿತ್ರೀಕರಣ ಈಗ ಎಲ್ಲಿದೆ ಅಂತ ಕೇಳಿ. ಕಾಯ್ದೆಯ ವ್ಯಾಖ್ಯೆಯಲ್ಲಿ ವಿದ್ಯುನ್ಮಾನ ರೂಪದ ಸಾಮಗ್ರಿಯೂ 'ಮಾಹಿತಿ'ಯೇ, ಆದ್ದರಿಂದ ವಿಡಿಯೋವನ್ನೂ ಕೇಳಬಹುದು. ಖಾಸಗಿ ವಿವಿಗಳಲ್ಲಿ ಈ ದಾರಿ ಸುಲಭ ಅಲ್ಲ, ಅಲ್ಲಿ ವಿದ್ಯಾರ್ಥಿ ಪರಿಷತ್ತು, ಹಳೆ ವಿದ್ಯಾರ್ಥಿಗಳ ಸಂಘದ ಮೂಲಕ ಒತ್ತಡ ಹಾಕಬೇಕು.

ನಿಜವಾದ ಬೀಗದ ಕೈ ಇರೋದು ಎಐಯು ಬಳಿ. ಟೂರ್ನಿ ಹಂಚುವಾಗ ಕೋರ್ಟ್, ವಸತಿ, ರೆಫ್ರಿಗಳ ಬಗ್ಗೆ ಆತಿಥೇಯರನ್ನ ಕೇಳೋ ಹಾಗೆಯೇ ಇನ್ನೊಂದನ್ನೂ ಕಡ್ಡಾಯ ಮಾಡಲಿ: ಒಂದು ಸ್ಥಿರ ಕ್ಯಾಮೆರಾ, ಪ್ರತಿ ಮ್ಯಾಚ್‌ಗೆ ಬೇರೆ ವಿಡಿಯೋ, ಶೀರ್ಷಿಕೆಯಲ್ಲಿ ಎರಡೂ ತಂಡದ ಹೆಸರು, ಅದೇ ದಿನ ಸ್ಕೋರ್‌ಶೀಟ್ ಆನ್‌ಲೈನ್‌ಗೆ. ಡ್ರಾ ಕಳಿಸುವ ಮೇಲ್‌ನಲ್ಲೇ ಲಿಂಕ್ ಕೂಡ ಕಳಿಸಲಿ. ಎಂಟು ಗಂಟೆ 4 ಮೆಗಾಬಿಟ್‌ನಲ್ಲಿ ಕಳಿಸಿದರೆ ದಿನಕ್ಕೆ 14.4 ಜಿಬಿ. ಯಾವ ಕ್ಯಾಂಪಸ್ ವೈಫೈಗೂ ಅದು ಹೊರೆ ಅಲ್ಲ. 'ನಮ್ಮಲ್ಲಿ ಸೌಕರ್ಯ ಇಲ್ಲ' ಅನ್ನೋ ಉತ್ತರ ಕೊಡುವ ವಿವಿಗಳೇ ಘಟಿಕೋತ್ಸವವನ್ನ ನಾಲ್ಕು ಕ್ಯಾಮೆರಾದಲ್ಲಿ ಲೈವ್ ಮಾಡ್ತವೆ ಅನ್ನೋದನ್ನ ನೆನಪಿಟ್ಟುಕೊಂಡು ಮಾತಾಡಿ.

ಕೊನೆಗೆ ಒಂದು ಕೆಲಸ, ತಂಡ ವಾಪಸ್ ಬಂದ ವಾರದೊಳಗೆ ಮುಗಿಸಬೇಕಾದದ್ದು. ಆತಿಥೇಯರ ಚಾನೆಲ್‌ನಲ್ಲಿರೋ ವಿಡಿಯೋ ಅಲ್ಲೇ ಇರತ್ತೆ ಅಂತ ನಂಬಬೇಡಿ. ಚಾನೆಲ್ ಒಡೆಯರು ಯೂಟ್ಯೂಬ್ ಸ್ಟುಡಿಯೋದಿಂದ ಅದನ್ನ ಇಳಿಸಿಕೊಳ್ಳಬಹುದು, ಆದ್ದರಿಂದ ಪಿಡಿ ಸರ್ ಮೂಲಕ ಫೈಲ್ ಕಳಿಸಿಕೊಡಿ ಅಂತ ಮೇಲ್ ಹಾಕಿಸಿ, ಜೊತೆಗೆ ಸ್ಕೋರ್‌ಶೀಟ್ ಪ್ರತಿಯನ್ನೂ ಕೇಳಿ. ಕಾಲೇಜಿನ ಡ್ರೈವ್‌ನಲ್ಲಿ ವರ್ಷ, ಟೂರ್ನಿ, ಎದುರಾಳಿ ಹೆಸರು ಹಾಕಿ ಇಡಿ. ನಾವು ಹಾಗೆ ಮಾಡಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ಕೆಲಸದ ಅರ್ಜಿಗೆ ಅಂತ ಮಗಳು ಕೇಳಿದಳು, ಆಂಟಿ ಮತ್ತೆ ಫೋನ್ ಹಿಡ್ಕೊಂಡು ಮೇಲೆ ಬಂದ್ರು. ಲಿಂಕ್ ಒತ್ತಿದರೆ 'ಈ ವಿಡಿಯೋ ಪ್ರೈವೇಟ್' ಅಂತ ಬಂತು.